ದೂರಿನ ಮೇಜಿನ ಪೊಲೀಸಕ್ಕ

ನಗರಸಭೆಯ ನೀರು ಸರಬರಾಜು ವಿಭಾಗದಲ್ಲಿ ಫೋನೆತ್ತಿ ದೂರು ಕೇಳುವ ಹೆಂಗಸನ್ನು ಎಲ್ಲರೂ ಪೊಲೀಸಕ್ಕ ಅನ್ನುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲ ಎಂದು ಯಾರಾದರೂ ಗೋಳಾಡಿದರೆ ಅಯ್ಯೋ ಪಾಪ ಅನ್ನುವ ಪೈಕಿ ಅವಳಲ್ಲ. ಮೀಟರಿನ ಪಕ್ಕದ ವಾಲ್ವ್ ತಿರುಗಿಸಿ ನೋಡಿದಿರಾ, ಪಕ್ಕದ ಮನೆಗೆ ಬರುತ್ತಿದೆಯಾ, ಹಿಂದೆ ಬಕೆಟ್ ತುಂಬುವ ಸದ್ದು ಕೇಳಿಸುತ್ತಿದೆಯಲ್ಲ ಅದೇನು, ಎಂದು ಬೆವರಿಳಿಸುತ್ತಿದ್ದಳು. ಪುಕ್ಕಟೆ ಟ್ಯಾಂಕರಿಗೆ ಆಸೆಪಟ್ಟ ಎಷ್ಟೋ ಮಂದಿ ಮಾತಿನ ನಡುವೆಯೇ ಫೋನ್ ಕುಕ್ಕಿದ್ದರು. ಈ ಬುದ್ಧಿಯನ್ನು ಕಚೇರಿಯಲ್ಲೇ ಬಿಟ್ಟು ಬರುತ್ತಿದ್ದಳೇ ಅಂದರೆ ಅದೂ ಇಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ಅದರ ಹಿಂದೆ ಯಾರದೋ ಕೈವಾಡ ಇರುತ್ತಿತ್ತು.

ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದವಳು ಅವಳ ನಾದಿನಿ. ಪೊಲೀಸಕ್ಕನ ಗಂಡ ಬೆನ್ನುನೋವಿನಿಂದ ದುಡಿಮೆ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದದ್ದು ಈ ಇಬ್ಬರ ಸಂಬಳದಲ್ಲೇ.

ಆ ವರ್ಷ ಹಳೇ ಪೈಪುಗಳು ಊರ ತುಂಬ ಒಡೆಯತೊಡಗಿದವು. ಹೊಸ ಪೈಪಿಗೆ ಸಾಲ ಮಾಡಬೇಕು, ಸಾಲ ಬೇಕಾದರೆ ಮೊದಲು ಖರ್ಚು ಇಳಿಸಿ ತೋರಿಸಿ ಅಂತ ಬ್ಯಾಂಕಿನವರು ಪಟ್ಟು ಹಿಡಿದರು. ನೀರಿನ ದರ ಏರಿಸುವ ಧೈರ್ಯ ಯಾವ ಸದಸ್ಯರಿಗೂ ಇರಲಿಲ್ಲ, ಮುಂದೆ ಓಟು ಕೇಳಬೇಕಲ್ಲ. ಕತ್ತರಿ ಸಿಬ್ಬಂದಿಯ ಕಡೆ ತಿರುಗಿತು. ದೂರಿನ ಮೇಜಿನಲ್ಲಿ ಒಂದೇ ಕುರ್ಚಿ ಉಳಿಯುತ್ತದಂತೆ ಎಂಬ ಗುಸುಗುಸು ಕಾರಿಡಾರಿನಲ್ಲೆಲ್ಲ ಓಡಾಡಿತು.

ನಾದಿನಿ ವಿಭಾಗದ ಸಾಹೇಬರು ಕೂರುವ ಮೇಲಿನ ಮಹಡಿಗೆ ಹೋಗಿಬರಲು ಶುರುಮಾಡಿದ್ದು ಅದೇ ಹೊತ್ತಿಗೆ. ಎಲ್ಲಿಗೆ ಅಂದರೆ ಸುಮ್ಮನೆ ಅನ್ನುತ್ತಿದ್ದಳು. ಸುಮ್ಮನೆ ಯಾರಾದರೂ ತಲೆ ಬಾಚಿಕೊಂಡು ಸಾಹೇಬರ ಕೋಣೆಗೆ ಹೋಗುತ್ತಾರೆಯೇ? ನನ್ನನ್ನು ಎತ್ತಿ ಹೊರಗಿಟ್ಟು ತಾನು ಉಳಿಯುವ ಹುನ್ನಾರ ಇದು ಎಂದು ಪೊಲೀಸಕ್ಕ ತೀರ್ಪು ಕೊಟ್ಟುಬಿಟ್ಟಳು. ಮಧ್ಯಾಹ್ನ ಡಬ್ಬಿ ಬಿಚ್ಚಿ ಹಂಚಿಕೊಳ್ಳುವುದು ನಿಂತಿತು. ಮನೆಯಲ್ಲಿ ಮಾತು ಉಪ್ಪು ಎಲ್ಲಿದೆ, ಬಾಗಿಲು ಹಾಕು ಎನ್ನುವಷ್ಟಕ್ಕೆ ಇಳಿಯಿತು. ನಾದಿನಿ ತಲೆತಗ್ಗಿಸಿ ಸುಮ್ಮನಿದ್ದಷ್ಟೂ ಇವಳ ಅನುಮಾನ ಬಲಿಯಿತು.

ಈ ನಡುವೆ ಫೋನ್ ಕಂಪನಿಯ ಹೆಂಗಸೊಬ್ಬಳು ಕೆಳಗೆ ಬಂದಳು. ಇಡೀ ಕಟ್ಟಡದಲ್ಲಿ ನಿಮ್ಮ ದನಿಯೇ ಸ್ಪಷ್ಟ ಎಂದು ಸಾಹೇಬರು ಹೇಳಿದ್ದಾರೆ, ಹೊಸಬರ ತರಬೇತಿಗೆ ನಾಲ್ಕು ವಾಕ್ಯ ಓದಿಕೊಡಿ ಅಂದಳು. ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ಪೊಲೀಸಕ್ಕ ಓದಿದ್ದೇ ಓದಿದ್ದು. ಇನ್ನೂ ಸ್ವಲ್ಪ ನಗುತ್ತಾ ಅಂದರೆ ನಗುತ್ತಾ, ಇನ್ನೂ ಮೆಲ್ಲಗೆ ಅಂದರೆ ಮೆಲ್ಲಗೆ. ನಾದಿನಿಯನ್ನು ಕರೆಯಲಿಲ್ಲ ಎಂಬುದೇ ಅವಳಿಗೆ ದೊಡ್ಡ ಬಹುಮಾನ. ತರಕಾರಿಯವನನ್ನೂ ಅಡ್ಡಪ್ರಶ್ನೆ ಕೇಳದೆ ಬಿಡದ ಬಾಯಿ ಅಂದು ಯಾಕೆ ಏನು ಅನ್ನಲಿಲ್ಲ. ಹೊಗಳಿಕೆಯ ಮುಂದೆ ಅನುಮಾನ ಎಲ್ಲಿ ನಿಲ್ಲುತ್ತದೆ!

ಬಜೆಟ್ ಸಭೆಯ ದಿನ ಸಿಬ್ಬಂದಿಯೆಲ್ಲ ಸಭಾಂಗಣದ ಹಿಂದಿನ ಗೋಡೆಗೆ ಆತು ನಿಂತರು. ಪಾರ್ಕು ಮುಖ್ಯವೋ ಪೈಪು ಮುಖ್ಯವೋ ಎಂದು ಸದಸ್ಯರು ಮೇಜು ಗುದ್ದಿ ಸುಸ್ತಾದರು. ಕೊನೆಗೆ ಸಾಲಕ್ಕೆ ಒಪ್ಪಿಗೆಯಾಯಿತು. ಅದರ ಜೊತೆಗೇ ದೂರಿನ ಮೇಜು ಪೂರ್ತಿ ಬಂದ್, ಎರಡೂ ಕುರ್ಚಿ ಇಲ್ಲ, ಇನ್ನು ಫೋನೆತ್ತುವುದು ಯಂತ್ರ ಎಂದು ಅಧ್ಯಕ್ಷರು ಓದಿದರು. ಯಂತ್ರದ ಜೊತೆ ಜನ ಮಾತಾಡುತ್ತಾರೆಯೇ ಎಂದು ಒಬ್ಬ ಹಿರಿಯ ಸದಸ್ಯರು ತಕರಾರು ತೆಗೆದರು.

ಸಾಹೇಬರು ಎದ್ದು ನಿಂತರು. "ಯಂತ್ರ ಅಂತ ಯಾರಿಗೂ ಗೊತ್ತಾಗಲ್ಲ ಸಾರ್. ಜನಕ್ಕೆ ಅಭ್ಯಾಸ ಇರೋ ದನಿನೇ ಹಾಕಿದೀವಿ, ಕೇಳಿ."

ಸ್ಪೀಕರಿನಿಂದ ಪೊಲೀಸಕ್ಕ ಮಾತಾಡಿದಳು. ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ, ದಯವಿಟ್ಟು ಗಾಬರಿಯಾಗಬೇಡಿ, ನಿಮ್ಮ ಮಾತನ್ನು ನಾವು ನಂಬುತ್ತೇವೆ. ಸದಸ್ಯರು ತಲೆದೂಗಿದರು. ಗೋಡೆಗೆ ಆತು ನಿಂತಿದ್ದ ಪೊಲೀಸಕ್ಕನಿಗೆ ಆಗ ಗೊತ್ತಾಯಿತು, ಮೈಕಿನ ಮುಂದೆ ನಗುತ್ತಾ ಓದಿದ ವಾಕ್ಯಗಳೇ ಅವು.

ಇಬ್ಬರೂ ಮನೆಯ ದಾರಿ ಹಿಡಿದರು. ಪೊಲೀಸಕ್ಕನೇ ಮೊದಲು ಕೇಳಿದಳು. "ನೀನು ದಿನಾ ಮೇಲಕ್ಕೆ ಯಾಕೆ ಹೋಗ್ತಿದ್ದೆ?"

"ಬಿಲ್ ಕೌಂಟರಲ್ಲಿ ನಮ್ಮಿಬ್ರಿಗೂ ಜಾಗ ಕೊಡಿ ಅಂತ ಕೇಳೋಕೆ. ಆಗಲ್ಲ ಅಂದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಿಚಾರಣೆ ಶುರು ಮಾಡ್ತಿದ್ರಿ."

ಪೊಲೀಸಕ್ಕನಿಗೆ ನಾಚಿಕೆಯಾಯಿತು. ನಾದಿನಿ ಇನ್ನೂ ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಸ್ಪೀಕರಲ್ಲಿ ಎಷ್ಟು ಮೆತ್ತಗೆ ಮಾತಾಡಿದ್ರಿ ಅತ್ತಿಗೆ. ಇಷ್ಟು ವರ್ಷ ಒಂದೇ ಮನೇಲಿದ್ದೀವಿ, ನನ್ನ ಹತ್ರ ಒಂದು ದಿನಾನೂ ಹಾಗೆ ಮಾತಾಡಿಲ್ಲ ನೀವು."

ಪೊಲೀಸಕ್ಕ ಅಭ್ಯಾಸಬಲದಿಂದ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ಒಂದು ಸುಳ್ಳೂ ಸಿಗಲಿಲ್ಲ.