ಪಡಸಾಲೆಯ ಬಲ್ಬು

ಗಜೇಂದ್ರಗಡದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅರಿವೆ ಅಂಗಡಿಯವರು ಕೈಗೆ ಏನೇ ಬಂದರೂ ಮೊದಲು ಮಗುಚಿ ನೋಡುತ್ತಿದ್ದರು. ಸೀರೆಯಾಗಲಿ, ಮದುವೆ ಕಾರ್ಡಾಗಲಿ, "ಹಿಂದಿನ ಮಗ್ಗಲಾ ನೋಡೂಣ್ರಿ" ಎನ್ನುವುದು ಅವರ ಮಾತು.

ಮೊಬೈಲಿನಿಂದ ಹತ್ತಿಸುವ ಎರಡು ಬಲ್ಬು ತಂದಾಗಲೂ ಹಾಗೇ ಆಯಿತು. ಇಂಟರ್ನೆಟ್ ಹೋದರೆ ಅವು ಮಾತೇ ಕೇಳುತ್ತಿರಲಿಲ್ಲ. "ನಮ್ಮ ಮನಿ ದೀಪ ಹಚ್ಚಾಕ ಕಂಪನೀನ ಯಾಕ ಕೇಳಬೇಕ್ರಿ?" ಎಂದವರೇ ಬಲ್ಬು ಬಿಚ್ಚಿ, ಒಳಗಿನ ಚಿಪ್‌ಗೆ ತಂತಿ ಬೆಸೆದು ಲ್ಯಾಪ್‌ಟಾಪಿಗೆ ಜೋಡಿಸಿದರು. ಕಂಪನಿಯ ತಂತ್ರಾಂಶ ಅಳಿಸಿ, ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ತುಂಬಿದರು. ಒಂದು ಬಲ್ಬು ಸತ್ತೇ ಹೋಯಿತು. ಇನ್ನೊಂದು ಬದುಕಿತು. ಸೂರ್ಯ ಮುಳುಗುವ ಹೊತ್ತನ್ನು ತಾನೇ ಲೆಕ್ಕ ಹಾಕಿ ಹತ್ತತೊಡಗಿತು. ಅದನ್ನು ತೋರಿಸಲು ನನ್ನನ್ನು ಕರೆದರು.

ಅವರ ಅವ್ವ ಮಾತ್ರ ಮುಖ ತಿರುಗಿಸಿ ಕೂತಿದ್ದರು. "ಸಂಜಿಗೆ ದೀಪ ಹಚ್ಚಿ ಕೈ ಮುಗಿಯೂದು ನನ್ನ ಕೆಲಸ. ಅದು ತಾನ ಹತ್ತಿದ್ರ ನಾ ಯಾಕ ಬೇಕು ಈ ಮನ್ಯಾಗ?"

ಮಗ ಮತ್ತೆ ಲ್ಯಾಪ್‌ಟಾಪ್ ತೆರೆದರು.

ಮರುದಿನ ಸಂಜೆ ನಾನು ಅವರ ಪಡಸಾಲೆಯಲ್ಲಿ ಕೂತಿದ್ದಾಗ ಬಲ್ಬು ಒಮ್ಮೆ ಮಿನುಗಿ ಆರಿಹೋಯಿತು.

"ಇದೂ ಕೆಟ್ಟತೇನ್ರಿ?" ಎಂದೆ.

"ಇಲ್ರಿ. ಹೊತ್ತಾತು ಅಂತ ಹೇಳತೈತಿ, ಅಷ್ಟ."

ಕತ್ತಲಲ್ಲೇ ಕಾದೆವು. ಅಡುಗೆಮನೆಯಿಂದ ಅವರ ಅವ್ವ ಬಲ್ಬಿಗೆ ಉತ್ತರ ಕೊಟ್ಟರು: "ಬಂದೆ ತಡಿಯೋ, ಒಲಿ ಮ್ಯಾಲ ಹಾಲೈತಿ!"