ಹೂಗುಬ್ಬಿಯ ಪುರುಡು

ಮೊನ್ನೆ ಎದುರು ಮನೆಯ ಬಾಣಂತಿಯನ್ನು ನೋಡಲು ಹೋಗಿದ್ದೆ. ಬೇವಿನೆಲೆ ಹಾಕಿ ಕಾಯಿಸಿದ ನೀರಿನ ವಾಸನೆ ಮೂಗಿಗೆ ಬಡಿಯಿತು. ಕೂಸನ್ನು ಎತ್ತಿಕೊಳ್ಳುವುದನ್ನೂ ಮರೆತು ಒಬ್ಬಳೇ ನಕ್ಕೆ. ನೆನಪಾದದ್ದು ರಬಕವಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಆಯಿ...

ಸಂಸ್ಥಾನಗಳ ಕಾಲ ಅದು. ನಾನು ಆ ಓಣಿಗೆ ಹೊಸ ಸೊಸೆ. ಆಯಿ ತೇರದಾಳದ ಜೈನರ ಮನೆಯ ಮಗಳು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಹಿತ್ತಲು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ವೈಶಾಖದಲ್ಲಿ ಅಂಗಳಕ್ಕೆ ಬರಿಗಾಲಿಡುವಂತಿಲ್ಲ. ಆಗಲೂ ಆಯಿಯ ಹಿತ್ತಲಲ್ಲಿ ಕಣಗಿಲ, ದಾಸವಾಳ, ಕೆಂಪು ಹಳದಿ ರತ್ನಗಂಧಿ ಅರಳಿ ನಿಂತಿರುತ್ತಿದ್ದವು. ಗಿಡದ ಬುಡಕ್ಕೆ ಜೋಳದ ಕಣಿಕೆ ಹೊದಿಸಿ, ಪಕ್ಕದಲ್ಲಿ ತಳ ತೂತಾದ ಗಡಿಗೆ ಹುಗಿದು, ಅಕ್ಕಿ ಬೇಳೆ ತೊಳೆದ ನೀರನ್ನು ಅದಕ್ಕೆ ತುಂಬುತ್ತಿದ್ದರು. ಅದೂ ಹೊತ್ತು ಮುಳುಗುವ ಮೊದಲೇ. ಕತ್ತಲಲ್ಲಿ ಹುಳಹುಪ್ಪಟೆ ಸಾಯುತ್ತವೆ ಎಂದು ಅವರ ಹಟ.

ಕೇಳಿದವರ ಮನೆಯ ದೇವರಿಗೆ ಒಂದೊಂದು ಹೂವು ಕೊಡುತ್ತಿದ್ದರು, ಅಷ್ಟೇ. "ಉಳದದ್ದು ಉಣ್ಣಾಕ ಬರವರದು," ಎನ್ನುತ್ತಿದ್ದರು. ಉಣ್ಣಲು ಬರುವವರು ಎಂದರೆ ಜೇನುನೊಣ, ಪಾತರಗಿತ್ತಿ, ಮತ್ತೆ ಬಿಸಿಲಿಗೆ ಮಿರಮಿರ ಮಿಂಚುವ ಹೂಗುಬ್ಬಿ. ಸ್ವತಃ ಆಯಿ ಜೇನುತುಪ್ಪವನ್ನು ನಾಲಿಗೆಗೆ ಮುಟ್ಟಿಸಿದವರಲ್ಲ. ನಮ್ಮ ಅತ್ತೆಗೆ ಇದೆಲ್ಲ ಸೇರುತ್ತಿರಲಿಲ್ಲ. "ಮುಡಕೊಳ್ಳಾಕ ಇಲ್ಲದ ಹೂವು ಯಾತಕ್ಕ ಬೇಕವಾ? ಗುಬ್ಬಿಗೆ ಛತ್ರ ಕಟ್ಯಾಳ!" ಎಂದು ಗೋಡೆಯಾಚೆ ಕೇಳುವಂತೆಯೇ ಗೊಣಗುತ್ತಿದ್ದರು.

ಒಂದು ಬೇಸಿಗೆ ಸಂಸ್ಥಾನಿಕರ ಸವಾರಿ ನಮ್ಮ ಓಣಿಯಲ್ಲೇ ಹಾಯುವುದೆಂದಾಯಿತು. ಆ ಬಿಸಿಲಲ್ಲಿ ಊರಲ್ಲೆಲ್ಲೂ ಹೂವಿಲ್ಲ. ಕಚೇರಿಯ ಶಿರಸ್ತೇದಾರರು ಶಿಪಾಯಿಗಳಿಗೆ ಬುಟ್ಟಿ ಹೊರಿಸಿಕೊಂಡು ನೇರ ಆಯಿಯ ಹಿತ್ತಲಿಗೇ ಬಂದರು, ಅವರ ಹಿಂದೆ ಓಣಿಯೆಲ್ಲ. ಸ್ವಾಗತದ ಕಮಾನಿಗೆ ಇದ್ದಬದ್ದ ಹೂವೆಲ್ಲ ಬೇಕಂತೆ. ರತ್ನಗಂಧಿಯ ಟೊಂಗೆಗೆ ಜೇಡರ ಬಲೆ, ಒಣ ಎಲೆ, ನಾರು ಸೇರಿ ಏನೋ ಜೋತಾಡುತ್ತಿತ್ತು. ಕಸವೆಂದುಕೊಂಡ ಶಿಪಾಯಿಯೊಬ್ಬ ಅದನ್ನು ಕೆಡವಲು ಕೋಲೆತ್ತಿದ. ಅದು ಹೂಗುಬ್ಬಿಯ ಗೂಡು. ಒಳಗೆ ಕಣ್ಣು ತೆರೆಯದ ಮರಿಗಳು. ಗೂಡು ಉಳಿದರೂ ಹೂವೆಲ್ಲ ಹೋದರೆ ತಾಯಿಗೆ ಕೂಳಿಲ್ಲ. ದರ್ಬಾರಿನವರಿಗೆ ಇಲ್ಲ ಎಂದವರನ್ನು ನಾನಂತೂ ನೋಡಿರಲಿಲ್ಲ.

ಆಯಿ ಇಲ್ಲ ಎನ್ನಲೇ ಇಲ್ಲ. ಸೆರಗು ಸರಿಮಾಡಿಕೊಂಡು, "ಒಯ್ರಿ ಸಾಹೇಬ್ರ. ಆದ್ರ ನಮ್ಮ ಮನ್ಯಾಗ ಪುರುಡು ಐತ್ರಿ," ಎಂದರು.

ಶಿರಸ್ತೇದಾರರು ತಟ್ಟನೆ ಹಿಂದೆ ಸರಿದರು. ಪುರುಡೆಂದರೆ ಹೆರಿಗೆಯಾದ ಮನೆಯ ಮೈಲಿಗೆ. ಆ ಮನೆಯ ಹೂವು ಮಂಗಲ ಕಾರ್ಯಕ್ಕೆ ಸಲ್ಲದು. "ಯಾರು ಹಡದಾರ?" ಎಂದು ಕೇಳಿದರು.

ಆಯಿ ಗೂಡಿನತ್ತ ಕೈ ತೋರಿಸಿದರು. "ನಮ್ಮ ಮನಿ ಮಗಳ್ರಿ. ಪುರುಡಿನ ಹೂವು ಸರಕಾರರ ತಲಿ ಮ್ಯಾಲ ಕಟ್ಟಿದ್ರಿ ಅಂದ್ರ, ನಾಳೆ ಜವಾಬ್ದಾರಿ ನಿಮ್ಮದ್ರಿ."

ಯಾರೋ ಕಿಸಕ್ಕೆಂದರು. ಶಿರಸ್ತೇದಾರರು ಗೂಡು ನೋಡಿದರು, ನೆರೆದ ಜನರನ್ನು ನೋಡಿದರು. ಇಷ್ಟು ಜನರ ಕಿವಿಗೆ ಬಿದ್ದ ಪುರುಡನ್ನು ಇಲ್ಲವೆನ್ನುವುದು ಹೇಗೆ? ಕೊನೆಗೆ ಮೀಸೆಯಲ್ಲೇ ನಕ್ಕು, "ಎಷ್ಟ ದಿನದ್ದ ಆಯಿ, ಈ ಪುರುಡು?" ಎಂದರು.

"ಮರಿ ಹಾರೂತನಕ್ರಿ."

ಕಮಾನಿಗೆ ಮಾವಿನೆಲೆ ಕಟ್ಟಿದರು. ಸವಾರಿ ಸಾಂಗವಾಗಿ ಹೋಯಿತು, ಮರಿಗಳೂ ಹಾರಿದವು. ದರ್ಬಾರನ್ನೇ ಹಿತ್ತಲಿನಿಂದ ತಿರುಗಿಸಿ ಕಳಿಸಿದವರು ನಮ್ಮ ಬಾಜೂ ಮನೆಯವರು ಎಂದು ತವರಿಗೆ ಹೋದಾಗಲೆಲ್ಲ ಜಂಬ ಕೊಚ್ಚಿದ್ದೇನೆ. ಇಂದಿಗೂ ಕೊಚ್ಚುತ್ತೇನೆ.

ಸಂಸ್ಥಾನಗಳು ವಿಲೀನವಾದ ವರ್ಷವೇ, ಶ್ರಾವಣದ ಹೊತ್ತಿಗೆ, ಆಯಿ ತೀರಿಕೊಂಡರು. ಸೂತಕ ಹಿಡಿಯಲು ತಮ್ಮವರೆಂದು ಯಾರೂ ಇರಲಿಲ್ಲ... ಪಂಚಮಿ ಹಬ್ಬ ಬಂತು. ನಾನು ಉಂಡಿಗೆಂದು ಎಳ್ಳು ಹುರಿಯಲು ಕುಳಿತಾಗ ಅತ್ತೆ ಬಂದು ಒಲೆಯ ಮೇಲಿನ ಬಾಣಲೆಯನ್ನೇ ಇಳಿಸಿಬಿಟ್ಟರು. "ಸೂತಕದ ಮನ್ಯಾಗ ಉಂಡಿ ಕಟ್ತಾರೇನ ಹುಚ್ಚಿ?" ಎಂದರು. ಆ ವರ್ಷ ನಮ್ಮ ಓಣಿಯ ಯಾವ ಮನೆಯಲ್ಲೂ ಉಂಡಿ ಕಟ್ಟಲಿಲ್ಲ.

ಈಗ ಅತ್ತೆಯೂ ಇಲ್ಲ. ಆಯಿಯ ಹಿತ್ತಲಲ್ಲಿ ಪವರ್‌ಲೂಮಿನ ಶೆಡ್ಡು ಎದ್ದಿದೆ, ನೆಲವೆಲ್ಲ ಕಾಂಕ್ರೀಟು. ರಬಕವಿಗೆ ಹೋದಾಗ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಳೆದ ಸಲ ಒಳಗಿನಿಂದ ಒಬ್ಬ ಹುಡುಗಿ ಬಂದು, "ಯಾರ ಮನಿ ಹುಡುಕಾಕತ್ತೀರಿ ಅಜ್ಜಿ?" ಎಂದು ಕೇಳಿದಳು.

"ನಮ್ಮ ಆಯೀದು," ಎಂದೆ.