ಒಂಟಿ ಇರುವ ಹಿರಿಯರು ಬರಬೇಕು

ಬಂಗಾರದ ಒಂಟಿಯ ಭಾರಕ್ಕೆ ಗಿರಣಿ ಮಾವನ ಕಿವಿಯ ತೂತು ಉದ್ದಕ್ಕೆ ಜೋತುಬಿದ್ದಿತ್ತು. ಹುಬ್ಬಿನ ಮೇಲೆ ಸದಾ ಹಿಟ್ಟು. ಗಿರಣಿ ನಿಂತ ಮೇಲೆ ಹಿಟ್ಟು ಹೋಯಿತು, ಹುಬ್ಬು ಬೆಳ್ಳಗೇ ಉಳಿಯಿತು.

ಅವತ್ತು ನ್ಯಾಮತಿಯ ಸಮುದಾಯ ಭವನದಲ್ಲಿ ನಾವು ಕೆಲವೇ ಜನ ಕೂತಿದ್ದೆವು. ವಿಶ್ವವಿದ್ಯಾಲಯದಿಂದ ಆರೋಗ್ಯದ ಅಧ್ಯಯನಕ್ಕೆ ಬಂದಿದ್ದ ಜಗಳೂರು ಕಡೆಯ ಹುಡುಗಿ, ಬಿಪಿ ನೋಡುವ ನರ್ಸಮ್ಮ, ನಮ್ಮ ಓಣಿಯ ಬಳೆ ಮಾರುವ ಅಜ್ಜಿ, ಊರವರನ್ನು ಪರಿಚಯ ಮಾಡಿಕೊಡಲು ನಾನು. ಬೆಳಗ್ಗೆಯೇ ಆಟೋ ಒಂದು ಮೈಕಿನಲ್ಲಿ ಕೂಗಿಕೊಂಡು ಹೋಗಿತ್ತು: "ಅರವತ್ತು ದಾಟಿದ, ಒಂಟಿ ಇರುವ ಹಿರಿಯರು ಬರಬೇಕು."

ಮಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಅಂಟುವಾಳದಲ್ಲಿ ತೊಳೆದು ಫಳಫಳ ಹೊಳೆಯುವ ಒಂಟಿ.

"ಒಂಟಿನಾ ಅಜ್ಜಾರೆ?" ಹುಡುಗಿ ಕೇಳಿದಳು.

"ಎಲ್ಡೂ ಕಿವಿಗೂ ಐತೆ ನೋಡವ್ವ!" ಮಾವ ಕೂಗಿದ ರಭಸಕ್ಕೆ ನರ್ಸಮ್ಮ ಬೆಚ್ಚಿದಳು. ಪಕ್ಕದಲ್ಲಿ ಗಿರಣಿ ಓಡುತ್ತಿದೆಯೇನೋ ಎಂಬಂತೆ ಮಾತಾಡುವುದು ಅವರ ರೂಢಿ.

ಬಳೆ ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡಳು. "ಅಯ್ಯೋ ಗಿರಣಿಯಣ್ಣ, ಕಿವೀದಲ್ಲ, ಮನೇದು ಕೇಳ್ತಿರಾದು!"

"ಒಂಟಿ ಹಾಕ್ಕಂಡೋರಿಗೆ ಕಣ್ಣು ಗಟ್ಟಿ ಅಂತಾರಲ್ಲ, ಅದನ್ನ ಪರೀಕ್ಷೆ ಮಾಡಾಕೆ ಬಂದೀರಿ ಅಂದ್ಕಂಡೆ," ಎಂದು ಮಾವನೂ ನಕ್ಕರು.

ಹುಡುಗಿ ಬಿಡಿಸಿ ಹೇಳಿದಳು. ಮನೆಯಲ್ಲಿ ಒಬ್ಬರೇ ಇರುವವರು ಬೇಕು. ವಾರಕ್ಕೊಮ್ಮೆ ಮನೆಗೇ ಬಂದು ಊಟ, ನಿದ್ದೆ ವಿಚಾರಿಸುತ್ತೇವೆ. ಇಷ್ಟವಿದ್ದರೆ ಸೇರಬಹುದು, ಬೇಡ ಅನ್ನಿಸಿದರೆ ಯಾವಾಗಲಾದರೂ ಬಿಡಬಹುದು.

ಮಾವನ ನಗು ನಿಂತಿತು. "ಹಂಗಾದ್ರೆ ನಂದಲ್ಲ ಬಿಡವ್ವ. ನಾನೇನು ಒಂಟಿ ಅಲ್ಲ."

ಎದ್ದು ಹೋದರು. ಮಾವನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ, ಆ ಮನೆಯ ಹೊಸ್ತಿಲು ದಾಟುವವರಿಲ್ಲ. ಅಲ್ಲಿದ್ದ ಊರವರಿಗೆಲ್ಲ ಗೊತ್ತು.

ನಾನು ಮಾತು ಕಲಿತದ್ದೇ ಅವರ ಗಿರಣಿಯಲ್ಲಿ. ಅವ್ವನ ಜೊತೆ ಡಬ್ಬಿ ಹಿಡಿದು ನಿಂತರೆ ಮಾವ, "ರೊಟ್ಟಿಗೋ ಮುದ್ದೆಗೋ?" ಎಂದು ಅವ್ವನನ್ನು ಕೇಳಿ, ಅದರ ಬೆನ್ನಿಗೇ "ನಿಮ್ಮತ್ತೆ ಮಂಡಿ ನೋವು ಹೆಂಗೈತೆ?" ಎನ್ನುತ್ತಿದ್ದರು. ಆ ಸದ್ದಿನಲ್ಲಿ ಉತ್ತರವನ್ನೂ ಕೂಗಿಯೇ ಹೇಳಬೇಕು. ನಮ್ಮಜ್ಜಿಯ ಮಂಡಿ ಊರಿನ ಸಮಾಚಾರವಾಗುತ್ತಿತ್ತು. ಆಮೇಲೆ ಅಂಗಡಿಗೆ ಪ್ಯಾಕೆಟ್ ಹಿಟ್ಟು ಬಂತು. ಗಿರಣಿ ನಿಂತಿತು, ಕೂಗುವ ದನಿ ನಿಲ್ಲಲಿಲ್ಲ. ಕೇಳಿಸಿಕೊಳ್ಳಲು ಸರದಿಯಲ್ಲಿ ಯಾರೂ ಇರಲಿಲ್ಲ.

ಅವತ್ತು ಸಂಜೆ ಮಾವ ನಮ್ಮ ಮನೆಗೆ ಬಂದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಆ ಹುಡುಗಿ ವಾರವಾರ ಮನೆಗೇ ಬರ್ತಾಳಂತಾ?"

"ಹೂಂ ಮಾವ."

"ಬಂದು, ಉಂಡ್ರಾ, ಮಲಗಿದ್ರಾ ಅಂತ ಕೇಳ್ತಾಳಾ?"

"ಕೇಳೋದೇ ಅದನ್ನ."

ಕಿವಿಯ ಒಂಟಿ ಮುಟ್ಟಿಕೊಂಡರು. "ಒಂಟಿ ಅಂತ ಬರೀಬ್ಯಾಡ ಅಂದ್ರೆ, ಆಕಿ ಬರಾದಿಲ್ಲೇನು?"

ಮರುದಿನ ಹುಡುಗಿಗೆ ಎಲ್ಲ ಹೇಳಿ, ಅವರ ಮನೆಗೇ ಕರೆದುಕೊಂಡು ಹೋದೆ. ಅವಳು ಆ ಶಬ್ದದ ಗೊಡವೆಗೇ ಹೋಗಲಿಲ್ಲ.

"ಅಡಿಗೆ ಯಾರು ಮಾಡ್ತಾರೆ ಅಜ್ಜಾರೆ?"

"ನಾನೇ."

"ಎಷ್ಟು ಜನಕ್ಕೆ?"

"ಅಳತೆ ಇನ್ನೂ ಕೈಗೆ ಹತ್ತಿಲ್ಲವ್ವ. ಇಬ್ರಿಗಾಗಷ್ಟು ಬೇಯಿಸ್ತೀನಿ."

"ಉಣ್ಣೋರು?"

ಮಾವ ಅಡುಗೆಮನೆಯ ಕಡೆ ನೋಡಿದರು. "ಒಬ್ನೇ," ಎಂದರು.

ಅಷ್ಟು ಸಾಕಾಯಿತು. ಹುಡುಗಿ ವಾರವಾರ ಬಂದಳು. ಮೊದಮೊದಲು ನೀರು ಕುಡಿಯಲೂ ಸಂಕೋಚ ಪಡುತ್ತಿದ್ದವಳು ಬರಬರುತ್ತ ಒಂದು ಮುದ್ದೆ ಉಂಡೇ ಹೋಗತೊಡಗಿದಳು. ಬಳೆ ಅಜ್ಜಿ ಬೀದಿಯಿಂದಲೇ, "ಏನು ಗಿರಣಿಯಣ್ಣ, ನೆಂಟ್ರು ಬರಾ ದಿನಾನಾ?" ಎಂದು ಛೇಡಿಸಿದರೆ ಮಾವ, "ಆಕಿ ಬಂದ ದಿನ ಅಳತೆ ಸರಿಹೋಗತೈತೆ," ಎನ್ನುತ್ತಿದ್ದರು.

ಅಧ್ಯಯನವೆಂದ ಮೇಲೆ ಮುಗಿಯಲೇಬೇಕಲ್ಲ. ಇದೇ ಕೊನೆಯ ವಾರ ಎಂದು ಹೇಳಲು ಅವಳು ಬಂದಾಗ ನಾನೂ ಜಗಲಿಯಲ್ಲಿದ್ದೆ. ಮಾವ ಕೋಪ ಮಾಡಿಕೊಳ್ಳಲಿಲ್ಲ.

"ಬ್ಯಾಡಾದ್ರೆ ನಾನು ಬಿಡಬಹುದು ಅಂತ ಹೇಳಿದ್ದೆ ನೀನು," ಎಂದರು. "ನೀವು ಬಿಡ್ತೀರಿ ಅಂತ ಹೇಳಿರ್ಲಿಲ್ಲ."

ಹುಡುಗಿ ಬ್ಯಾಗು ಹೆಗಲಿಗೇರಿಸಿದಳು. ಬಸ್ಸಿನ ಹೊತ್ತಾಯಿತು, ಹೋದಳು.

ಆ ಮಳೆಗಾಲ ಮುಗಿಯುವ ಮೊದಲೇ ಮಾವ ಹೋದರು. ಓಣಿಯವರೇ ಹೆಗಲು ಕೊಟ್ಟೆವು, ಓಣಿಯವರೇ ಅಕ್ಕಿ ಬೇಳೆ ಕೂಡಿಸಿ ಅವರ ಹೆಸರಲ್ಲಿ ಗಣಾರಾಧನೆಯ ಊಟ ಹಾಕಿದೆವು. ನಾನು ಹುಡುಗಿಗೆ ಫೋನು ಮಾಡಿ ತಿಳಿಸಿದ್ದೆ ಅಷ್ಟೇ, ಬಾ ಎಂದಿರಲಿಲ್ಲ. ಪಂಕ್ತಿ ಕೂರುವ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದಳು. ಎಲೆ ಹಾಕುತ್ತಿದ್ದ ಬೇರೆ ಓಣಿಯ ಹಿರಿಯರೊಬ್ಬರಿಗೆ ಅವಳ ಗುರುತಿರಲಿಲ್ಲ.

"ಯಾರ ಪೈಕಿ ತಾಯಿ?" ಎಂದು ಕೇಳಿದರು.

"ಅಜ್ಜಾರ ಪೈಕಿ," ಎಂದಳು.

ಸತ್ತವರ ಕಡೆಯವರಿಗೆಂದು ಮೀಸಲಿಟ್ಟ ಸಾಲಿನಲ್ಲಿ ಅವಳಿಗೆ ಎಲೆ ಹಾಕಿದರು. ಆ ಸಾಲಿನಲ್ಲಿ ಅವಳೊಬ್ಬಳೇ ಕೂತು ಉಂಡಳು.